ಏಳು ಬಾರದ ಸಾಕಮ್ಮ

ನಮ್ಮ ಪಕ್ಕದ ಮನೆಯಲ್ಲಿ ಶಾಲೆಗೆ ಹೋಗುವ ಹುಡುಗಿಯೊಬ್ಬಳಿದ್ದಾಳೆ. ಅವಳನ್ನು ಎಬ್ಬಿಸುವುದು ಅವಳ ತಾಯಿಗೆ ದಿನದ ಮೊದಲ ಕೆಲಸ, ಬಹುಶಃ ಎಲ್ಲಕ್ಕಿಂತ ಕಷ್ಟದ ಕೆಲಸ. ಎರಡು ಮನೆಗಳ ನಡುವೆ ಇರುವುದು ಒಂದೇ ಗೋಡೆ. ಆಕೆ ಅಡುಗೆಮನೆಯಿಂದಲೇ "ಏಳು, ಏಳೇ, ಏಳು" ಎನ್ನುತ್ತಿದ್ದರೆ ಇತ್ತ ನಾನು ಕಾಫಿ ಸೋಸುತ್ತ ನನಗೇ ಗೊತ್ತಿಲ್ಲದೆ "ಎಂಟು" ಎಂದುಬಿಡುತ್ತೇನೆ. ಅರವತ್ತು ದಾಟಿದ ಹೆಂಗಸು ಬೆಳಗ್ಗೆ ಎದ್ದು ಗೋಡೆಗೆ ಎಂಟು ಎನ್ನುವುದು ಅಂಥ ಒಳ್ಳೆಯ ಲಕ್ಷಣವೇನಲ್ಲ. ಆದರೆ ಈ ಅಭ್ಯಾಸ ಇವತ್ತಿನದಲ್ಲ. ಅದರ ಹಿಂದೆ ಸಾಕಮ್ಮ ಎಂಬ ಹುಡುಗಿಯೊಬ್ಬಳಿದ್ದಾಳೆ, ಅವಳ ಮೇಲಿನ ನನ್ನ ಹೊಟ್ಟೆಕಿಚ್ಚಿದೆ. ಆ ಕಿಚ್ಚಿಗೂ ಈಗ ಹೆಚ್ಚುಕಡಿಮೆ ನನ್ನಷ್ಟೇ ವಯಸ್ಸಾಗಿದೆ. ನಿಮಗೆ ಪುರುಸೊತ್ತಿದ್ದರೆ ಹೇಳುತ್ತೇನೆ.

ನಮ್ಮದು ದೊಡ್ಡಬಳ್ಳಾಪುರದ ನೇಯ್ಗೆಯವರ ಬೀದಿ. ಅರವತ್ತರ ದಶಕದ ನಡುವಿನ ಮಾತು. ಕೈಮಗ್ಗಗಳು ಒಂದೊಂದಾಗಿ ಮೂಲೆ ಸೇರಿ ಕರೆಂಟಿನ ಮಗ್ಗಗಳು ಬರುತ್ತಿದ್ದ ಕಾಲ. ನಮ್ಮ ಮನೆಯ ಮುಂಭಾಗದಲ್ಲೂ ಅಪ್ಪ ಎರಡು ಹಾಕಿಸಿದ್ದ. ಅವು ಓಡಲು ಶುರುವಾದರೆ ಗೋಡೆಯ ಮೇಲಿನ ಕ್ಯಾಲೆಂಡರ್ ಕೂಡ ನಡುಗುತ್ತಿತ್ತು. ನಮ್ಮ ಮನೆಯಲ್ಲಿ ಮೆಲ್ಲಗೆ ಮಾತಾಡುವುದು ಯಾರಿಗೂ ಗೊತ್ತಿರಲಿಲ್ಲ; ಈಗಲೂ ಫೋನಿನಲ್ಲಿ ನನ್ನ ದನಿ ಕೇಳಿದವರು ಇವಳು ಜಗಳಕ್ಕೇ ಬಂದಿದ್ದಾಳೆ ಅಂದುಕೊಳ್ಳುತ್ತಾರೆ. ಅಜ್ಜಿ ನಡುಮನೆಯಲ್ಲಿ ಕೂತು ರಾಟೆ ತಿರುಗಿಸುತ್ತ, ಮಗ್ಗಕ್ಕೆ ಬೇಕಾದ ನೂಲನ್ನು ಕಂಡಿಕೆಗಳಿಗೆ ಸುತ್ತುತ್ತಿದ್ದಳು. ಕಂಡಿಕೆ ಎಂದರೆ ಬೆರಳುದ್ದದ ಕೊಳವೆ. ಸುತ್ತಿದ್ದನ್ನು ಎತ್ತಿ ಬುಟ್ಟಿಗೆ ಹಾಕುವುದು ನನ್ನ ಕೆಲಸ. ಹಾಕುವಾಗ ಎಣಿಸು ಅನ್ನುತ್ತಿದ್ದಳು, ಎಣಿಸುತ್ತಿದ್ದೆ. ತಪ್ಪಿದರೆ ಬುಟ್ಟಿ ಸುರಿದು ಮತ್ತೆ ಮೊದಲಿನಿಂದ. ಹೀಗಾಗಿ ಐದು ವರ್ಷ ತುಂಬುವುದರೊಳಗೆ ನನಗೆ ನೂರರವರೆಗೂ ಬರುತ್ತಿತ್ತು. ಅದು ಬಂದದ್ದೇ ನನ್ನ ದುರದೃಷ್ಟವಾಯಿತು.

ಅಮ್ಮ ಹೊಸಕೋಟೆ ಕಡೆಯ ಹಳ್ಳಿಯವಳು. ಮದುವೆಗೆ ಮುಂಚೆ ಎಸ್ಸೆಸ್ಸೆಲ್ಸಿ ಪಾಸು ಮಾಡಿಕೊಂಡಿದ್ದಳು. ನಮ್ಮ ಬೀದಿಯ ಸೊಸೆಯರಲ್ಲಿ ಅಷ್ಟು ಓದಿದವರು ಬೇರೆ ಇರಲಿಲ್ಲ. ಮಹಿಳಾ ಸಮಾಜದ ಹೆಂಗಸರು ಪುಟ್ಟ ಮಕ್ಕಳಿಗಾಗಿ ಒಂದು ಶಿಶುವಿಹಾರ ತೆರೆಯಲು ಹೊರಟಾಗ ನೇರವಾಗಿ ನಮ್ಮ ಮನೆಗೇ ಬಂದರು. ಅಜ್ಜಿ ಒಪ್ಪಿದಳು. ಅಪ್ಪ ಮಗ್ಗ ನಿಲ್ಲಿಸಿ ಬಂದು, ಅಜ್ಜಿ ಒಪ್ಪಿದ್ದನ್ನು ಕಂಡು ತಾನೂ ಒಪ್ಪಿದ. ಅಮ್ಮ ಕೆಲವು ತಿಂಗಳು ತರಬೇತಿಗೆಂದು ಬೆಂಗಳೂರಿಗೆ ಹೋದಳು. ಬಂದಾಗ ಅವಳ ಚೀಲದಲ್ಲಿ ಬಣ್ಣದ ಕಾಗದ, ಕತ್ತರಿ, ಮಣಿ, ಗುಂಡಿಗಳಿದ್ದವು. ತಲೆಯಲ್ಲಿ ಒಂದು ಮಾತು ಗಟ್ಟಿಯಾಗಿ ಕೂತಿತ್ತು. ಎಣಿಕೆ ಮೊದಲು ಮಗುವಿನ ಕೈಕಾಲಿಗೆ ಬರಬೇಕು, ಆಮೇಲೆ ಬಾಯಿಗೆ, ಸ್ಲೇಟಿನ ಸರದಿ ಎಲ್ಲಕ್ಕಿಂತ ಕೊನೆಗೆ.

ಶಿಶುವಿಹಾರ ಎಂದರೆ ಹಳೆಯ ಛತ್ರವೊಂದರ ಮುಂಭಾಗದ ಕೋಣೆ, ಅದಕ್ಕೊಂದು ಉದ್ದನೆಯ ಜಗಲಿ, ಮುಂದೆ ಅಂಗಳ. ಅಲ್ಲಿ ಅಮ್ಮ ಮಕ್ಕಳನ್ನು ಕುಣಿಸುತ್ತಿದ್ದಳು, ಜಿಗಿಸುತ್ತಿದ್ದಳು, ಬಚ್ಚಿಡುತ್ತಿದ್ದಳು, ಹುಡುಕಿಸುತ್ತಿದ್ದಳು. ಮಗನನ್ನು ಓದಲು ಕಳಿಸಿದರೆ ಬರೀ ಆಟ ಆಡಿಸುತ್ತಿದ್ದಾರಲ್ಲ ಎಂದು ಒಬ್ಬರು ಬಾಗಿಲಲ್ಲಿ ನಿಂತು ಬೇಜಾರು ಮಾಡಿಕೊಂಡು ಹೋದರು. ಆ ವಾರವೇ ಅವರ ಮಗ ಮನೆಯ ಮೆಟ್ಟಿಲುಗಳನ್ನು ಎಣಿಸುತ್ತ ಹತ್ತಿ, ಇಳಿಯುವಾಗ ಹಿಂದಿನಿಂದ ಎಣಿಸಿಕೊಂಡು ಇಳಿದನಂತೆ. ಆಮೇಲೆ ಅವರು ದೂರು ತರಲಿಲ್ಲ.

ನನ್ನ ದೂರು ಮಾತ್ರ ಮೊದಲ ದಿನವೇ ಶುರುವಾಗಿತ್ತು. ಬಾಗಿಲು ದಾಟುವ ಮುಂಚೆ ಅಮ್ಮ ನನ್ನೆದುರು ಕುಕ್ಕರಗಾಲಲ್ಲಿ ಕೂತು, "ಇಲ್ಲಿ ನಾನು ನಿಮ್ಮಮ್ಮ ಅಲ್ಲ ಕಣೇ. ಎಲ್ರೂ ಕರೆಯೋ ಹಾಗೆ ಟೀಚರಮ್ಮ ಅನ್ಬೇಕು" ಎಂದಳು. ನನ್ನ ಅಮ್ಮನನ್ನು ನಾನು ಕರೆಯಬಾರದಂತೆ, ಮೂಗು ಸುರಿಸುವ ಊರ ಮಕ್ಕಳ ಜೊತೆ ಸೇರಿ ಟೀಚರಮ್ಮ ಅನ್ನಬೇಕಂತೆ. ತಮ್ಮನೋ ತಂಗಿಯೋ ಇದ್ದಿದ್ದರೆ ಅಮ್ಮನನ್ನು ಹಂಚಿಕೊಂಡು ಅಭ್ಯಾಸವಾದರೂ ಆಗಿರುತ್ತಿತ್ತೇನೋ. ನಾನೊಬ್ಬಳೇ ಮಗಳು. ಒಂದು ಬೆಳಗ್ಗೆ ಏಕಾಏಕಿ ಬೀದಿಯ ಮಕ್ಕಳೆಲ್ಲ ನಮ್ಮ ಮನೆಯಲ್ಲೇ ಹುಟ್ಟಿದಂತಾಯಿತು.

ಅದಕ್ಕಿಂತ ಕೆಟ್ಟದ್ದೆಂದರೆ, ಆ ಮಕ್ಕಳಿಗೆ ಸಿಗುವ ಅಮ್ಮ ನನಗೆ ಸಿಗುತ್ತಲೇ ಇರಲಿಲ್ಲ. ಅವರ ಕೈ ಹಿಡಿದು ಬೆರಳು ಮಡಿಸುತ್ತಿದ್ದಳು. ತಪ್ಪಿದವರ ಕೆನ್ನೆ ಹಿಂಡಿ ನಗುತ್ತಿದ್ದಳು. ನನ್ನ ಸರದಿ ಬಂದರೆ "ನಿಂಗೆ ಬರುತ್ತಲ್ಲ" ಎಂದು ಮುಂದಕ್ಕೆ ಹೋಗುತ್ತಿದ್ದಳು. ಬರುವವಳಿಗೆ ಕಲಿಸುವುದು ಏನಿದೆ? ನನ್ನ ನೂರು ಸಂಖ್ಯೆಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು ನಾನು ಕಂಬಕ್ಕೆ ಒರಗಿ ಕೂತಿರುತ್ತಿದ್ದೆ. ಮನೆಯಲ್ಲಾದರೂ ಸಿಗುತ್ತಾಳೆ ಎಂದರೆ, ಅಡುಗೆ, ಬಟ್ಟೆ, ಅಪ್ಪನ ಮಗ್ಗದಲ್ಲಿ ಕಡಿದ ಎಳೆಗಳಿಗೆ ಗಂಟು ಎಂದು ಓಡಾಡುವ ಅಮ್ಮನಲ್ಲಿ ಆಟವೇ ಉಳಿದಿರುತ್ತಿರಲಿಲ್ಲ. ಎಲ್ಲವನ್ನೂ ಅಲ್ಲೇ ಖಾಲಿ ಮಾಡಿ ಬಂದಿರುತ್ತಿದ್ದಳು.

ರೈಲಿನ ಆಟದ ವಿಷಯ ಹೇಳಬೇಕು. ಮಕ್ಕಳು ಒಬ್ಬರ ಹಿಂದೊಬ್ಬರು ಅಂಗಿ ಹಿಡಿದು ನಿಂತರೆ ಒಬ್ಬೊಬ್ಬರೂ ಒಂದೊಂದು ಡಬ್ಬಿ. ಪ್ರತಿ ಡಬ್ಬಿಗೂ ಒಂದು ಸಂಖ್ಯೆ. ಮುಂದೆ ನಿಂತವರು ಇಂಜಿನ್. ಇಂಜಿನ್ನಿನ ಕಣ್ಣು ಮುಚ್ಚಿಸಿ ಅಮ್ಮ ಒಂದು ಡಬ್ಬಿಯನ್ನು ಕಂಬದ ಹಿಂದೆ ಬಚ್ಚಿಡುತ್ತಿದ್ದಳು. ಕಣ್ಣು ಬಿಟ್ಟ ಇಂಜಿನ್ ತನ್ನ ಹಿಂದಿನವರನ್ನು ಮುಟ್ಟಿ ಎಣಿಸಿ, ಕಳೆದುಹೋದ ಡಬ್ಬಿ ಯಾವುದೆಂದು ಹೇಳಿ, ಅದನ್ನು ಕರೆತಂದು ಅದರ ಜಾಗದಲ್ಲೇ ಸೇರಿಸಿದರೆ ಮಾತ್ರ ರೈಲು ಹೊರಡುವುದು. ಹೊರಟರೆ ಜಗಲಿಯ ಸುತ್ತ ಒಂದು ಸುತ್ತು, ಮುಂದೆ ಸೀಟಿ ಊದುತ್ತ ಅಮ್ಮ, ಅವಳ ಸೆರಗಿನ ತುದಿ ಹಿಡಿದು ಇಂಜಿನ್. ನಾನು ಒಂದು ದಿನವೂ ಇಂಜಿನ್ ಆಗಲಿಲ್ಲ. ಟೀಚರಮ್ಮನ ಮಗಳೇ ಇಂಜಿನ್ ಆದರೆ ಜನ ಏನಂದಾರು ಎಂಬುದು ಒಂದು. ಇವಳಿಗೆ ಹೇಗೂ ಬರುತ್ತದೆ ಎಂಬುದು ಇನ್ನೊಂದು.

ಇಷ್ಟಾದರೂ ಆ ಹೊಟ್ಟೆಕಿಚ್ಚು ಎಲ್ಲರ ಮೇಲೂ ಸಮನಾಗಿ ಹರಡಿಕೊಂಡಿದ್ದರಿಂದ ತಡೆದುಕೊಳ್ಳುವಂತಿತ್ತು. ಅದನ್ನೆಲ್ಲ ತನ್ನೊಬ್ಬಳ ಮೇಲೇ ತಿರುಗಿಸಿಕೊಂಡವಳು ಸಾಕಮ್ಮ.

ಅವಳ ತಂದೆ ಬೇರೆಯವರ ಮಗ್ಗದಲ್ಲಿ ಕೂಲಿಗೆ ನೇಯುತ್ತಿದ್ದರು. ನಾಲ್ವರು ಹೆಣ್ಣುಮಕ್ಕಳಾದ ಮೇಲೆ ಹುಟ್ಟಿದವಳು, ಇನ್ನು ಹೆಣ್ಣು ಸಾಕು ಎಂದು ಸಾಕಮ್ಮ ಎಂದು ಹೆಸರಿಟ್ಟಿದ್ದರು. ನನಗಿಂತ ಕೆಲವು ತಿಂಗಳು ಚಿಕ್ಕವಳು. ಗುಂಡು ಮುಖ, ಎಣ್ಣೆ ಸುರಿಯುವ ಎರಡು ಪುಟ್ಟ ಜಡೆ, ಯಾರು ಏನೆಂದರೂ ನಗು. ಅವಳಿಗೆ ಎಣಿಕೆ ಬರುತ್ತಿತ್ತು, ಏಳು ಮಾತ್ರ ಬರುತ್ತಿರಲಿಲ್ಲ. ಐದು, ಆರು, ಎಂಟು ಎಂದು ಹಳ್ಳ ಹಾರಿದ ಹಾಗೆ ಹಾರಿಬಿಡುತ್ತಿದ್ದಳು. ಅಮ್ಮ ಎಷ್ಟು ಸಲ ನಿಲ್ಲಿಸಿದರೂ ಆರರ ಮೇಲೆ ಕಾಲಿಟ್ಟವಳು ಎಂಟರಲ್ಲೇ ಇಳಿಯುತ್ತಿದ್ದಳು. ಅಮ್ಮ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡಳು. ಅವಳ ಆ ಮಾಸಲು ಬೆರಳುಗಳನ್ನು ಒಂದೊಂದಾಗಿ ತನ್ನ ಕೈಯಲ್ಲಿ ಹಿಡಿದು ಎಣಿಸಿದಳು. ನಾನು ಕಂಬದ ಬುಡದಿಂದ ನೋಡುತ್ತಿದ್ದೆ. ಆ ತೊಡೆ ನನ್ನದು. ಅದು ಗೊತ್ತೇ ಇಲ್ಲದವರ ಹಾಗೆ ಎಲ್ಲರೂ ತಮ್ಮ ಪಾಡಿಗೆ ಆಡುತ್ತಿದ್ದರು.

ಒಂದು ಸಂಜೆ ಅಮ್ಮ ಹರಿದ ಸೀರೆಯ ಚೂರುಗಳನ್ನೂ ಮಗ್ಗದಲ್ಲಿ ಉಳಿದ ನೂಲನ್ನೂ ಮುಂದಿಟ್ಟುಕೊಂಡು ಗೊಂಬೆ ಹೊಲಿಯಲು ಕೂತಳು. ಪುಟ್ಟದರಿಂದ ಶುರುವಾಗಿ ಒಂದಕ್ಕಿಂತ ಒಂದು ಎತ್ತರವಾದ ಹತ್ತು ಗೊಂಬೆಗಳು. ಮೊದಲನೆಯದರ ಲಂಗಕ್ಕೆ ಒಂದು ಗುಂಡಿ, ಎರಡನೆಯದಕ್ಕೆ ಎರಡು, ಹೀಗೆ ಹತ್ತನೆಯದಕ್ಕೆ ಹತ್ತು. ಏಳನೆಯದಕ್ಕೆ ಬಟ್ಟೆ ಸಾಲದೆ ನನಗೆ ಗಿಡ್ಡವಾಗಿದ್ದ ಕೆಂಪು ಲಂಗವನ್ನೇ ಕತ್ತರಿಸಿದಳು. ನಾನು ಖುಷಿಯಿಂದ ಕೊಟ್ಟೆ. ಎಷ್ಟೋ ಸಂಜೆ ಪಕ್ಕದಲ್ಲಿ ಕೂತು ಸೂಜಿಗೆ ದಾರ ಪೋಣಿಸಿಕೊಟ್ಟೆ, ಗುಂಡಿ ಎಣಿಸಿ ಕೊಟ್ಟೆ, ಹತ್ತು ಗೊಂಬೆಗಳಿಗೂ ಮನಸ್ಸಿನಲ್ಲೇ ಹೆಸರಿಟ್ಟೆ. ಕೊನೆಗೊಂದು ಬೆಳಗ್ಗೆ ಅಮ್ಮ ಅವನ್ನೆಲ್ಲ ಚೀಲಕ್ಕೆ ತುಂಬಿಕೊಂಡಳು. ಎಲ್ಲಿಗೆ ಎಂದು ಕೇಳಿದ್ದಕ್ಕೆ, "ಸಾಕಮ್ಮಂಗೆ ಕಣೇ. ಪಾಪ, ಅವಳಿಗೆ ಏಳು ಸಿಕ್ತಾನೇ ಇಲ್ಲ" ಎಂದಳು.

ನಿಮಗೂ ಹೊಟ್ಟೆಕಿಚ್ಚು ಎಂದರೆ ಏನೆಂದು ಗೊತ್ತಿರುತ್ತದೆ. ಇಲ್ಲದಿದ್ದರೆ ಇಷ್ಟು ದೂರ ನನ್ನ ಜೊತೆ ಬರುತ್ತಿರಲಿಲ್ಲ. ಅದು ಹೊಟ್ಟೆಯಲ್ಲಿರುತ್ತದೆ ಎಂದು ಹೇಳಿದವರು ಯಾರೋ ತಿಳಿದೇ ಹೇಳಿದ್ದಾರೆ. ಅವತ್ತು ನನಗೆ ನಿಜಕ್ಕೂ ಹೊಟ್ಟೆನೋವು ಬಂದು, ಅಮ್ಮ ಡಬ್ಬಿಗೆ ಹಾಕಿಕೊಟ್ಟ ಚಿತ್ರಾನ್ನವನ್ನು ಹಾಗೇ ವಾಪಸು ತಂದೆ.

ಗೊಂಬೆಗಳಿಂದಲೂ ಏಳು ಬರಲಿಲ್ಲ. ಮಲಗಿಸುವ ಆಟದಲ್ಲಿ ಸಾಕಮ್ಮ ಆರು ಗೊಂಬೆಗಳನ್ನು ಸಾಲಾಗಿ ಮಲಗಿಸಿ, ನನ್ನ ಕೆಂಪು ಲಂಗದವಳನ್ನು ಪಕ್ಕಕ್ಕಿಟ್ಟು, ಎಂಟನೆಯವಳನ್ನು ಎತ್ತಿಕೊಂಡಳು. ಅಮ್ಮ ಸಮಾಧಾನದಿಂದಲೇ, ಈ ಏಳನ್ನು ಯಾಕೆ ಬಿಡ್ತೀಯ ಎಂದು ಕೇಳಿದಳು. ಅಲ್ಲಿಯವರೆಗೆ ಯಾರೂ ಹಾಗೆ ಕೇಳಿರಲಿಲ್ಲ. ಸಾಕಮ್ಮ ಇದೆಂಥ ಪ್ರಶ್ನೆ ಎನ್ನುವವಳ ಹಾಗೆ ಅಮ್ಮನ ಮುಖ ನೋಡಿ ಹೇಳಿದಳು, "ಏಳು ಅಂದ್ರೆ ಎದ್ದೇಳೋದು. ನಾನು ಎದ್ದೇ ಇದ್ದೀನಲ್ಲ."

ಅವಳ ಮನೆಯಲ್ಲಿ ದಿನಾ ಬೆಳಗ್ಗೆ ಅವಳ ತಾಯಿ ಐದೂ ಹೆಣ್ಣುಮಕ್ಕಳನ್ನು ಏಳು ಏಳು ಎಂದು ಎಬ್ಬಿಸುತ್ತಿದ್ದರು. ಅದೊಂದು ಸಂಖ್ಯೆ ಎಂದು ಅವಳಿಗೆ ಹೊಳೆದೇ ಇರಲಿಲ್ಲ. ಅಮ್ಮ ನಕ್ಕಳು ನೋಡಿ, ಗೋಡೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ. ಅಂಥ ನಗುವನ್ನು ನಾನು ಹುಟ್ಟಿದ ಮೇಲೆ ಒಂದು ಸಲವೂ ಅವಳಿಂದ ಹೊರಡಿಸಿರಲಿಲ್ಲ. ಮನೆಗೆ ಬಂದು ಅಜ್ಜಿಗೆ ಹೇಳಿದಳು, ಅಪ್ಪನಿಗೆ ಮಗ್ಗ ನಿಲ್ಲಿಸಿ ಹೇಳಿದಳು, ನೀರಿಗೆ ಬಂದ ಹೆಂಗಸರಿಗೆಲ್ಲ ಹೇಳಿದಳು. ನನಗೆ ನೂರು ಬರುತ್ತದೆ ಎನ್ನುವುದನ್ನು ಅವಳು ಯಾರಿಗಾದರೂ ಹೇಳಿದ್ದಳೋ ಇಲ್ಲವೋ, ನನಗಂತೂ ಗೊತ್ತಿಲ್ಲ. ಸಾಕಮ್ಮನಿಗೆ ಏಳು ಬರುವುದಿಲ್ಲ ಎನ್ನುವುದು ಇಡೀ ಬೀದಿಗೆ ಗೊತ್ತಾಯಿತು.

ಮಾರನೆಯ ದಿನ ಹೊಸ ಆಟ. ಅಮ್ಮ ಎಣಿಸುತ್ತ ಹೋಗುವುದು. ಆರು ಎಂದರೆ ಅಂಗೈಯಲ್ಲಿ ಬಿಸಿ ಮುದ್ದೆ ಇದ್ದ ಹಾಗೆ, ಆರಲಿ ಎಂದು ಎಲ್ಲರೂ ಊದಬೇಕು. ಏಳು ಎಂದರೆ ದಡಕ್ಕನೆ ಎದ್ದು ನಿಲ್ಲಬೇಕು. ಎಂಟಕ್ಕೆ ಒಂದು ಚಪ್ಪಾಳೆ, ಒಂಬತ್ತಕ್ಕೆ ಒಂದು ಸುತ್ತು. ಹತ್ತು ಎಂದ ಕೂಡಲೇ ಓಡಿ ಜಗಲಿ ಹತ್ತಬೇಕು. ಆ ಛತ್ರದಲ್ಲಿ ಅಷ್ಟು ಗದ್ದಲ ಯಾವತ್ತೂ ಆಗಿರಲಿಲ್ಲ. ಸಾಕಮ್ಮ ಎಲ್ಲರಿಗಿಂತ ಮೊದಲು ಎದ್ದಳು. ಅವಳಿಗೆ ಏಳು ಬಂತು; ಬಂದದ್ದಷ್ಟೇ ಅಲ್ಲ, ಏಳು ಅವಳದೇ ಆಸ್ತಿಯಾಯಿತು. ಆರು ಮುಗಿದು ಏಳು ಬರುವ ಮುಂಚೆ ಮಕ್ಕಳೆಲ್ಲ ಅವಳ ಕಡೆ ತಿರುಗುತ್ತಿದ್ದರು. ನಾನೂ ಎದ್ದೆ, ಊದಿದೆ, ಹತ್ತಿದೆ. ನಿಜ ಹೇಳಬೇಕೆಂದರೆ ಆಟ ಬಹಳ ಚೆನ್ನಾಗಿತ್ತು. ಅದು ಅವಳಿಗಾಗಿ ಹುಟ್ಟಿದ್ದು ಎನ್ನುವುದೇ ನನಗೆ ಚುಚ್ಚುತ್ತಿತ್ತು.

ಆಗ ನನಗೆ ಹೊಳೆಯಿತು, ಬರದಿದ್ದವರಿಗೇ ಅಮ್ಮ ಸಿಗುವುದು. ಮಾರನೆಯ ಬೆಳಗ್ಗೆ ನನ್ನ ಸರದಿಯಲ್ಲಿ, ಅಮ್ಮ ಮುಂದೆ ಹೋಗುವ ಮೊದಲೇ, ನಾನೇ ಎಣಿಸಲು ಶುರು ಮಾಡಿದೆ. ಐದು, ಆರು, ಎಂಟು ಎಂದೆ. ಅಮ್ಮ ನಿಂತಳು. ಇನ್ನೊಂದು ಸಲ ಹೇಳು ಎಂದಳು. ಈ ಸಲ ಒಂಬತ್ತನ್ನೂ ಬಿಟ್ಟೆ.

ಮನೆಯಲ್ಲಿ ಗಾಬರಿಯಾಯಿತು. ನೂರು ಹೇಳುತ್ತಿದ್ದ ಮಗು ಹತ್ತಕ್ಕೆ ತಡವರಿಸುತ್ತಿದೆ ಎಂದರೆ ಕಣ್ಣೇ ಬಿದ್ದಿರಬೇಕೆಂದು ಅಜ್ಜಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಅಪ್ಪ ಡಾಕ್ಟರಿಗೆ ತೋರಿಸೋಣ ಎಂದ. ಅಮ್ಮ ಒಲೆಯ ಕೆಲಸ ಮುಗಿಸಿ, ಡಬ್ಬಿಯಿಂದ ಒಂದು ಹಿಡಿ ಹುಣಸೆಬೀಜ ತೆಗೆದುಕೊಂಡು ಬಂದು, ನೆಲದ ಮೇಲೆ ನನ್ನೆದುರು ಕೂತಳು. ಸಂಜೆಯ ಹೊತ್ತು, ದೀಪ ಹಚ್ಚಿ ಸ್ವಲ್ಪ ಹೊತ್ತಾಗಿತ್ತು, ಮಗ್ಗ ನಿಂತಿತ್ತು. "ಬಾ, ನಾವಿಬ್ರೂ ಆಡೋಣ" ಎಂದಳು.

ಆ ಸಂಜೆಗಳನ್ನು ನಾನು ಈಗಲೂ ಯಾರಿಗೂ ಕೊಡುವುದಿಲ್ಲ. ಅಮ್ಮ ಬೀಜಗಳನ್ನು ಸಾಲಾಗಿ ಜೋಡಿಸುತ್ತಿದ್ದಳು, ಕಣ್ಣು ಮುಚ್ಚು ಎಂದು ಒಂದನ್ನು ಎಗರಿಸುತ್ತಿದ್ದಳು. ಮುಷ್ಟಿ ಮುಚ್ಚಿ ಎಷ್ಟಿದೆ ಹೇಳು ಎನ್ನುತ್ತಿದ್ದಳು. ಬಳಪದಲ್ಲಿ ನೆಲದ ಮೇಲೆ ಮನೆ ಬರೆದು, ಈ ಬೀಜ ಐದನೇ ಮನೆಯವರು, ಆರನೇ ಮನೆಗೆ ಮೊಸರು ಕೇಳಲು ಹೋಗುತ್ತಿದ್ದಾರೆ, ದಾರಿಯಲ್ಲಿ ಏಳನೇ ಮನೆ ಸಿಕ್ಕಿದರೆ ಮುಂದೆ ಬಂದುಬಿಟ್ಟರು ಎಂದು ಅರ್ಥ, ವಾಪಸು ಬರಬೇಕು ಎಂದು ಕತೆ ಕಟ್ಟುತ್ತಿದ್ದಳು. ಏಳನೇ ಮನೆಯವಳಿಗೆ ಬಾಯಿ ಜೋರು, ಎರಡನೇ ಮನೆಯವರು ಜಿಪುಣರು. ನಾನು ಬಹಳ ಎಚ್ಚರದಿಂದ ಕಲಿತೆ. ಬೇಗ ಕಲಿತರೆ ಆಟ ಮುಗಿದುಹೋಗುತ್ತದೆ. ಒಂದು ಸಂಜೆ ಏಳು ನೆನಪಾದರೆ ಮರುಸಂಜೆ ನಾಲ್ಕು ಮರೆತುಹೋಗುತ್ತಿತ್ತು. ಬರುವುದನ್ನು ಬರದ ಹಾಗೆ ಮಾಡುವುದು ಎಷ್ಟು ಕಷ್ಟ ಎಂದು ನನಗೆ ಆಗಲೇ ತಿಳಿಯಿತು. ನಾಲಿಗೆಯ ತುದಿಯವರೆಗೆ ಬಂದ ಸಂಖ್ಯೆಯನ್ನು ನುಂಗಿಕೊಂಡು ಕಣ್ಣು ಪಿಳಿಪಿಳಿ ಬಿಡಬೇಕು.

ಇದನ್ನು ಕೆಡಿಸಿದವಳೂ ಸಾಕಮ್ಮನೇ.

ಶಿಶುವಿಹಾರದಲ್ಲಿ ನಾನು ತಡವರಿಸುವುದನ್ನು ಅವಳು ನೋಡಿದಳು. ಬೇರೆ ಯಾರಾದರೂ ಆಗಿದ್ದರೆ ನಗುತ್ತಿದ್ದರು. ಇವಳು ಎದ್ದು ಬಂದು ನನ್ನ ಪಕ್ಕ ಕೂತು ನನ್ನ ಕೈಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು. "ಹೆದರ್ಕೋಬೇಡ ಕಣೇ, ನಂಗೂ ಮೊದ್ಲು ಬರ್ತಿರ್ಲಿಲ್ಲ" ಎಂದಳು. ಆಮೇಲೆ ನನ್ನ ಬೆರಳುಗಳನ್ನು ಒಂದೊಂದಾಗಿ ಮಡಿಸುತ್ತ ಎಣಿಸತೊಡಗಿದಳು. ಮಡಿಸುವ ರೀತಿ ಅಮ್ಮನದು. ಪ್ರತಿ ಸಂಖ್ಯೆಯ ಕೊನೆಯನ್ನು ಸ್ವಲ್ಪ ಎಳೆದು ಮೇಲಕ್ಕೆತ್ತುವ ರಾಗವೂ ಅಮ್ಮನದು. ಕೈ ಕಿತ್ತುಕೊಳ್ಳೋಣವೆಂದರೆ ಬಿಗಿಯಾಗಿ ಹಿಡಿದಿದ್ದಳು. ಬಾಗಿಲಲ್ಲಿ ನಿಂತು ಅಮ್ಮ ಇದನ್ನು ನೋಡಿದಳು. ಅವಳ ಮುಖ ಅರಳಿದ್ದನ್ನು ನಾನು ನೋಡಿದೆ. ರೈಲು ಕಟ್ಟುವ ಹೊತ್ತಿಗೆ, ಇವತ್ತು ಸಾಕಮ್ಮನೇ ಇಂಜಿನ್ ಎಂದಳು.

ನನಗೆ ಅದು ಸಹಿಸಲಾಗಲಿಲ್ಲ. ಓಡಿ ಜಗಲಿ ಹತ್ತಿ ನಿಂತು ಒಂದರಿಂದ ಶುರು ಮಾಡಿದೆ. ಉಸಿರು ತೆಗೆದುಕೊಳ್ಳದೆ, ಮಗ್ಗದ ಸದ್ದನ್ನೂ ಮೀರಿಸುವ ನಮ್ಮ ಮನೆಯ ದನಿಯಲ್ಲಿ, ಹತ್ತು ಇಪ್ಪತ್ತು ಐವತ್ತು ದಾಟಿ ನೂರು ಮುಟ್ಟಿದೆ. ಅಲ್ಲಿಗೂ ನಿಲ್ಲದೆ ನೂರರಿಂದ ಕೆಳಗೆ ಇಳಿಯಲು ಹೊರಟೆ. ಎಲ್ಲೋ ಎಂಬತ್ತರ ಸುಮಾರಿಗೆ ಅಳು ಬಂದುಬಿಟ್ಟಿತು. ಮಕ್ಕಳೆಲ್ಲ ಬಾಯಿ ಬಿಟ್ಟುಕೊಂಡು ನಿಂತಿದ್ದರು. ಮೊದಲು ಚಪ್ಪಾಳೆ ತಟ್ಟಿದವಳು ಸಾಕಮ್ಮ. ತಟ್ಟುತ್ತ, ಎಡಬಲದಲ್ಲಿದ್ದವರಿಗೆಲ್ಲ ಹೆಮ್ಮೆಯಿಂದ ಹೇಳುತ್ತಿದ್ದಳು, "ನಾನೇ ಹೇಳ್ಕೊಟ್ಟಿದ್ದು."

ಅಮ್ಮ ಬೈಯಲಿಲ್ಲ. ಸೆರಗಿನಲ್ಲಿ ನನ್ನ ಮೂಗು ಒರೆಸಿ, ಬೇರೆ ಯಾವ ಮಗುವಿಗೆ ಮಾಡುತ್ತಿದ್ದಳೋ ಹಾಗೆಯೇ, ನನ್ನನ್ನು ರೈಲಿನಲ್ಲಿ ನನ್ನ ಜಾಗಕ್ಕೆ ಸೇರಿಸಿ ಸೀಟಿ ಊದಿದಳು. ಮನೆಯಲ್ಲೂ ಆ ಮಾತು ಎತ್ತಲಿಲ್ಲ. ಅಜ್ಜಿ ತಾನು ನಿವಾಳಿಸಿದ್ದು ಫಲ ಕೊಟ್ಟಿತೆಂದು ಸಮಾಧಾನಪಟ್ಟಳು. ಆದರೆ ಹುಣಸೆಬೀಜದ ಸಂಜೆಗಳು ನಿಂತುಹೋದವು. ಬರುವವಳಿಗೆ ಇನ್ನೇನು ಕಲಿಸುವುದಿದೆ?

ಮುಂದಿನ ವರ್ಷ ನಾನು ಪ್ರೈಮರಿ ಶಾಲೆಗೆ ಹೋದೆ. ಸಾಕಮ್ಮನೂ ಬಂದಳು, ಒಂದೇ ಬೆಂಚಿನಲ್ಲಿ ಕೂತೆವು, ಒಂದೇ ಪೇರಲೆಹಣ್ಣನ್ನು ಕಚ್ಚಿ ತಿಂದೆವು. ಜನ ನಮ್ಮನ್ನು ಗೆಳತಿಯರು ಅನ್ನುತ್ತಿದ್ದರು, ನಾವು ಗೆಳತಿಯರೇ. ಗೆಳೆತನ ಒಂದು ಕಡೆ, ಹೊಟ್ಟೆಕಿಚ್ಚು ಇನ್ನೊಂದು ಕಡೆ ಆರಾಮಾಗಿ ಇರಬಲ್ಲವು. ಒಂದಕ್ಕೊಂದು ಅಡ್ಡ ಬರುವುದಿಲ್ಲ.

ಎಪ್ಪತ್ತರ ದಶಕದ ಕೊನೆಗೆ ಅಮ್ಮನ ಗಂಟಲು ಕೆಟ್ಟಿತು. ಮಗ್ಗಗಳ ಸದ್ದಿನ ನಡುವೆ ಅಷ್ಟು ವರ್ಷ ಮಕ್ಕಳಿಗೆ ಕೂಗಿ ಕೂಗಿ ದನಿ ಸವೆದುಹೋಗಿತ್ತು. ಡಾಕ್ಟರು ಇನ್ನು ಕೂಗಬೇಡಿ ಎಂದರು. ಶಿಶುವಿಹಾರಕ್ಕೆ ಬೇರೆಯವರು ಬೇಕಾಯಿತು. ಸಾಕಮ್ಮ ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿದ್ದಳು. ಅಮ್ಮನೇ ಅವಳ ಮನೆಗೆ ಹೋಗಿ ಅವಳ ತಂದೆಯನ್ನು ಒಪ್ಪಿಸಿ ತರಬೇತಿಗೆ ಕಳಿಸಿದಳು. ನಾನು ಆಗ ಟೈಪಿಂಗ್ ಕ್ಲಾಸಿಗೆ ಹೋಗುತ್ತಿದ್ದೆ. ಒಂದು ಸಂಜೆ ಬಂದು ನೋಡುತ್ತೇನೆ, ಕೆಲಸ ಬಿಟ್ಟಾಗ ಅಮ್ಮ ಮನೆಗೆ ತಂದಿಟ್ಟಿದ್ದ ಗೊಂಬೆಗಳ ಟ್ರಂಕು ಇದ್ದ ಜಾಗ ಖಾಲಿ. ಸಾಕಮ್ಮ ಬಂದು ತಲೆಯ ಮೇಲೆ ಹೊತ್ತುಕೊಂಡು ಹೋದಳು ಎಂದು ಅಜ್ಜಿ ಹೇಳಿದಳು.

ಅಮ್ಮ ಹಿತ್ತಿಲ ಮೆಟ್ಟಿಲ ಮೇಲೆ ಮೆಣಸಿನ ಕಷಾಯ ಕುಡಿಯುತ್ತ ಕೂತಿದ್ದಳು. ಅವಳ ಮಾತು ಕೇಳಬೇಕೆಂದರೆ ಬಾಯಿಯ ಹತ್ತಿರ ಕಿವಿ ಇಡಬೇಕಾಗಿದ್ದ ದಿನಗಳು. ನಾನು ಪಕ್ಕದಲ್ಲಿ ಕೂತು, ನನ್ನನ್ನು ಒಂದು ಮಾತು ಕೇಳಬಹುದಿತ್ತಲ್ಲ ಎಂದೆ. ಕೇಳಿದ್ದರೆ ಹೋಗುತ್ತಿದ್ದೆಯಾ ಎಂದಳು. ಇಲ್ಲ ಎಂದೆ. ಇಲ್ಲವೆನ್ನಲಾದರೂ ನನ್ನನ್ನು ಕೇಳಬೇಕಾಗಿತ್ತು, ಅಷ್ಟೇ ನನ್ನ ಸಂಕಟ.

ಅಮ್ಮ ಲೋಟ ಕೆಳಗಿಟ್ಟಳು. "ನಿಂಗೆ ಮಕ್ಕಳ ಜೊತೆ ಆಡೋದು ಯಾವತ್ತೂ ಇಷ್ಟ ಇರ್ಲಿಲ್ಲ ಕಣೇ. ನಿಂಗೆ ನನ್ನ ಜೊತೆ ಆಡ್ಬೇಕಿತ್ತು."

ಇಷ್ಟು ವರ್ಷವಾದ ಮೇಲೆ ಆ ಮಾತು ಬಂತು. ನಾನು ಎಣಿಕೆ ಮರೆತದ್ದು ಸುಳ್ಳೆಂದು ನಿನಗೆ ಯಾವಾಗ ಗೊತ್ತಾಯಿತು, ಜಗಲಿ ಹತ್ತಿ ಕೂಗಿದಾಗಲಾ ಎಂದು ಕೇಳಿದೆ. ಅಮ್ಮ ಅಲ್ಲವೆಂದು ತಲೆಯಾಡಿಸಿದಳು.

"ಮೊದಲನೇ ದಿನಾನೇ ಗೊತ್ತಾಯ್ತು. ಬರ್ದೇ ಇರೋ ಮಗು ತನ್ನ ಬೆರಳು ನೋಡ್ಕೊಳ್ಳುತ್ತೆ. ನೀನು ನನ್ನ ಮುಖ ನೋಡ್ತಿದ್ದೆ."

"ಮತ್ತೆ ಯಾಕೆ ಸುಮ್ಮನಿದ್ದೆ?"

ಅವಳು ಲೋಟ ಎತ್ತಿ ಇನ್ನೊಂದು ಗುಟುಕು ಕುಡಿದಳು. ನಾನು ಕಿವಿ ತೆಗೆಯಲಿಲ್ಲ. "ಅಷ್ಟು ಕೆಲಸ ಇರೋ ಮನೇಲಿ ಸೊಸೆ ಆದವಳು ಮಗು ಜೊತೆ ಸುಮ್ನೆ ಆಡ್ತಾ ಕೂತ್ರೆ ಏನಂತಾರೆ? ಪಾಠ ಅಂದ್ರೆ ಯಾರೂ ಏನೂ ಅನ್ನಲ್ಲ. ನಂಗೂ ಒಂದು ನೆಪ ಬೇಕಿತ್ತು."

ಇಷ್ಟು ಕೇಳಿದ ಮೇಲೆ ಹೊಟ್ಟೆಕಿಚ್ಚು ಆರಿಹೋಯಿತು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಆರಲಿಲ್ಲ. ನನಗೆ ದೇವನಹಳ್ಳಿಯ ಒಂದು ಕಚೇರಿಯಲ್ಲಿ ಟೈಪಿಸ್ಟ್ ಕೆಲಸ ಸಿಕ್ಕಿತು, ಅಲ್ಲಿಯೇ ಮದುವೆಯೂ ಆಯಿತು. ರಜೆಯಲ್ಲಿ ತೌರಿಗೆ ಬಂದಾಗ ಛತ್ರದ ಮುಂದೆ ಹಾದುಹೋಗುತ್ತಿದ್ದರೆ ಒಳಗಿನಿಂದ ಅಮ್ಮನ ದನಿ ಕೇಳುತ್ತಿತ್ತು. ಆರು ಎಂದು ಕೊನೆಯನ್ನು ಎಳೆದು ಎತ್ತುವ ಆ ರಾಗ. ಇಣುಕಿದರೆ ಸಾಕಮ್ಮ. ಅಮ್ಮ ಜಗಲಿಯ ತುದಿಯಲ್ಲಿ ಮಾತಿಲ್ಲದೆ ಕೂತು, ಏಳು ಬಂದಾಗ ಮಕ್ಕಳ ಜೊತೆ ತಾನೂ ಏಳುತ್ತಿದ್ದಳು. ಅವಳು ಬದುಕಿರುವವರೆಗೂ ದಿನಾ ಅಲ್ಲಿಗೆ ಹೋಗುತ್ತಿದ್ದಳು. ನನ್ನ ಅಮ್ಮನ ಅಷ್ಟು ವರ್ಷಗಳ ಬೆಳಗು ಸಾಕಮ್ಮನ ಪಾಲಿಗೆ ಹೋಯಿತು. ಕಳೆದುಹೋದ ದನಿಯೂ ಅವಳಿಗೇ ಸಿಕ್ಕಿತ್ತು.

ಅಮ್ಮ ಹೋಗಿ ಬಹಳ ಕಾಲವಾಯಿತು. ನಾನು ಕೆಲಸದಿಂದ ನಿವೃತ್ತಳಾಗಿ ಮತ್ತೆ ಇದೇ ಊರಿಗೆ ಬಂದಿದ್ದೇನೆ. ಸಾಕಮ್ಮ ತ್ಯಾಮಗೊಂಡ್ಲಿನಲ್ಲಿ ಮಗಳ ಮನೆಯಲ್ಲಿದ್ದಾಳೆ. ಕಳೆದ ಭಾನುವಾರ ಒಂದು ಚೀಲ ಅವರೆಕಾಯಿ ಹಿಡಿದುಕೊಂಡು ಬಂದಿದ್ದಳು. ಇಬ್ಬರೂ ಮೊರ ಮುಂದಿಟ್ಟುಕೊಂಡು ಸುಲಿಯುತ್ತ ಕೂತೆವು. ಮಾತು ಅಮ್ಮನ ಕಡೆಗೆ ತಿರುಗಿತು, ಸಾಕಮ್ಮ ಬಂದರೆ ತಿರುಗಲೇಬೇಕು. ಯಾಕೋ ಅವತ್ತು ಬಾಯಿಗೆ ಬಂದುಬಿಟ್ಟಿತು. ನಿನ್ನನ್ನು ಕಂಡರೆ ನನಗೆ ಮೊದಲಿಂದಲೂ ಹೊಟ್ಟೆಕಿಚ್ಚು ಕಣೇ ಎಂದೆ. ತೊಡೆ, ಗೊಂಬೆ, ಕೆಂಪು ಲಂಗ, ಇಂಜಿನ್, ಎಲ್ಲವನ್ನೂ ಹೇಳಿದೆ. ನಗುತ್ತಾಳೆ ಅಂದುಕೊಂಡಿದ್ದೆ. ಸಾಕಮ್ಮ ಸುಲಿಯುವುದನ್ನು ನಿಲ್ಲಿಸಿದಳು.

"ನಿಂಗಾ, ನನ್ನ ಮೇಲಾ?" ಎಂದಳು. "ನಮಗೆಲ್ಲ ನಿನ್ನ ಕಂಡ್ರೆ ಆಗ್ತಿರ್ಲಿಲ್ಲ, ಗೊತ್ತಾ?"

ಯಾಕೆ ಎಂದು ಕೇಳಿದೆ.

"ಬೆಲ್ಲು ಹೊಡೆದ ಮೇಲೆ ಟೀಚರಮ್ಮ ಬಾಗ್ಲಿಗೆ ಬೀಗ ಹಾಕೋರಲ್ಲ. ಹಾಕಿ, ಚೀಲ ಹೆಗಲಿಗೆ ಏರಿಸ್ಕೊಂಡು, ಒಂದು ಕೈನ ಹಿಂದಕ್ಕೆ ಚಾಚೋರು. ತಿರುಗಿ ಕೂಡ ನೋಡ್ತಿರ್ಲಿಲ್ಲ. ನೀನು ಎಲ್ಲಿದ್ರೂ ಬಂದು ಹಿಡ್ಕೊಳ್ತಿದ್ದೆ. ನೀವಿಬ್ರೂ ಬೀದಿ ತಿರುವಿನವರೆಗೆ ಹೋಗೋದನ್ನ ನಾವು ಜಗಲಿ ಮೇಲೆ ನಿಂತ್ಕೊಂಡು ನೋಡೋವು. ಒಂದಿನ ನೀನು ಚಪ್ಪಲಿ ಹುಡುಕ್ತಾ ಜಗಲಿಯ ಆ ತುದೀಲಿದ್ದೆ. ನಾನು ಮೆತ್ತಗೆ ಹೋಗಿ ಆ ಕೈ ಹಿಡ್ಕೊಂಡೆ. ಮುಟ್ಟಿದ ತಕ್ಷಣ ಅವರಿಗೆ ಗೊತ್ತಾಗ್ಬಿಡ್ತು. ತಿರುಗಿ ನೋಡೋಕೆ ಮುಂಚೇನೇ, ಇದು ನಮ್ಮ ಮಗಳ ಕೈ ಅಲ್ವಲ್ಲ ಅಂದ್ರು."

ಅವಳು ಒಂದು ಕಾಯಿ ಬಿಡಿಸಿ ಕಾಳುಗಳನ್ನು ಮೊರಕ್ಕೆ ಹಾಕಿದಳು. "ಆಮೇಲೆ ಬಿಡ್ಲಿಲ್ಲ, ಪಾಪ. ಇನ್ನೊಂದು ಕೈ ಕೊಟ್ಟು ಮನೆವರೆಗೂ ಕರ್ಕೊಂಡು ಹೋದ್ರು. ಆದ್ರೂ."

ನಾನು ನೆನಪು ಮಾಡಿಕೊಳ್ಳಲು ನೋಡಿದೆ. ಗೊಂಬೆಗಳ ಗುಂಡಿಗಳ ಬಣ್ಣ ನೆನಪಿದೆ, ಗೋಡೆ ಹಿಡಿದು ಅಮ್ಮ ನಕ್ಕದ್ದು ನೆನಪಿದೆ, ಸಾಕಮ್ಮನ ತೊಡೆಯ ಮೇಲೆ ನನ್ನ ಕೈ ಸಿಕ್ಕಿಹಾಕಿಕೊಂಡದ್ದೂ ನೆನಪಿದೆ. ದಿನಾ ಹಿಡಿದ ಆ ಕೈ ಮಾತ್ರ ನೆನಪಿಗೆ ಬರಲಿಲ್ಲ. ಸಿಗದಿದ್ದನ್ನೆಲ್ಲ ಇಷ್ಟು ಜೋಪಾನವಾಗಿ ಇಟ್ಟುಕೊಂಡವಳು, ಸಿಕ್ಕಿದ್ದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

"ಯಾವ ಕೈ?" ಎಂದು ಕೇಳಿದೆ.

ಸಾಕಮ್ಮ ಮಂಡಿ ಹಿಡಿದುಕೊಂಡು ನಿಧಾನಕ್ಕೆ ಎದ್ದಳು. ಕೈಯನ್ನು ಸೆರಗಿಗೆ ಒರೆಸಿಕೊಂಡು, ಬಾಗಿಲ ಕಡೆ ಮುಖ ಮಾಡಿ, ನನಗೆ ಬೆನ್ನಾಗಿ ನಿಂತಳು. ಇಲ್ಲದ ಚೀಲವನ್ನು ಎಡಹೆಗಲಿಗೆ ಸರಿಮಾಡಿಕೊಂಡು, ತಿರುಗಿ ನೋಡದೆ, ಬಲಗೈಯನ್ನು ಹಿಂದಕ್ಕೆ ಚಾಚಿದಳು. ನಾನು ಮೊರ ಪಕ್ಕಕ್ಕಿಟ್ಟು ಹೋಗಿ ಅದನ್ನು ಹಿಡಿದುಕೊಂಡೆ.